ಕೂದಲ ನಡುವಿನ ಗಾಳಿ

ಇವತ್ತು ಬದಿಯಡ್ಕ ಪೇಟೆಯಲ್ಲಿ ಒಬ್ಬರು ಅಕ್ಕ ಕೇಳಿದರು, "ಮೆದುಳಿನ ಗಡ್ಡೆಗೆ ಶಬ್ದದಲ್ಲೇ ಚಿಕಿತ್ಸೆಯಂತೆ ಮಾರಾಯ್ರೆ. ಕೊಯ್ಯುವುದಿಲ್ಲ ಅಂದ ಮೇಲೆ ತಲೆ ಬೋಳಿಸುವುದು ಯಾಕೆ?"

ಎಂಥ ಒಳ್ಳೆಯ ಪ್ರಶ್ನೆ!

ಕೂದಲ ನಡುವೆ ಗಾಳಿ ಇರುತ್ತದೆ. ಈ ಚಿಕಿತ್ಸೆಯ ಶಬ್ದ, ಅಂದರೆ ಅಲ್ಟ್ರಾಸೌಂಡ್, ಗಾಳಿಗೆ ತಾಗಿದರೆ ಮುಂದೆ ಹೋಗುವುದಿಲ್ಲ, ತಿರುಗಿ ಬರುತ್ತದೆ. ಬಸುರಿಯರ ಸ್ಕ್ಯಾನಿಗೆ ಹೊಟ್ಟೆಗೆ ಜೆಲ್ ಹಚ್ಚುವುದೂ ಇದಕ್ಕೇ. ತಲೆಗೆ ಜೆಲ್ ಸಾಲದು. ಬೋಳು ತಲೆಗೂ ಶಬ್ದ ಕಳಿಸುವ ಹೆಲ್ಮೆಟ್ಟಿಗೂ ನಡುವೆ ಗಾಳಿ ತೆಗೆದ ನೀರು ತುಂಬಿರಬೇಕು, ಅದೂ ತಣ್ಣಗಿನದು. ತಲೆಬುರುಡೆ ಶಬ್ದವನ್ನು ಹೀರಿ ಬಿಸಿಯಾಗುತ್ತದಲ್ಲ.

ಬುರುಡೆಯ ದಪ್ಪವೂ ಎಲ್ಲ ಕಡೆ ಒಂದೇ ಅಲ್ಲ. ಮೊದಲೇ ಸಿ.ಟಿ. ತೆಗೆದು, ಹೆಲ್ಮೆಟ್ಟಿನ 1024 ಬಿಂದುಗಳಿಂದ ಹೊರಡುವ ಅಲೆಗಳನ್ನು ಒಂದೊಂದಾಗಿ ಹೊಂದಿಸುತ್ತಾರೆ.

ಶಬ್ದದ ಜೊತೆಗೆ ಒಂದು ಮದ್ದೂ ಬೇಕು, ಅದರ ಹೆಸರು 5-ಎಎಲ್ಎ. ಅದರಿಂದ ಗಡ್ಡೆಯ ಕೋಶಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವಸ್ತು ತುಂಬುತ್ತದೆ, ಆರೋಗ್ಯದ ಕೋಶಗಳಲ್ಲಿ ತೀರಾ ಕಡಿಮೆ. ಶಬ್ದ ತಾಗಿದಾಗ ಅದು ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ, ತಾನಿರುವ ಕೋಶವನ್ನೇ ಕೊಲ್ಲುತ್ತದೆ. ಬೆಳಕಿನಿಂದಲೂ ಇದು ಸಾಧ್ಯ. ಆದರೆ ಬೆಳಕು ಮೆದುಳಿನೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್.

ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಗಡ್ಡೆಗೆ ಇದಿನ್ನೂ ಪ್ರಯೋಗದ ಹಂತದಲ್ಲಿದೆ. ಮಂಗಳೂರಲ್ಲಿ ಆಪರೇಷನ್, ರೇಡಿಯೇಷನ್ ಮಾಡಬೇಕು ಅಂತ ಹೇಳಿದ್ದರೆ ಇದಕ್ಕಾಗಿ ಕಾದು ಕೂರಬೇಡಿ, ದಯವಿಟ್ಟು.

ಇನ್ನೊಂದು ವಿಷಯ. ಈ ಮದ್ದು ಚರ್ಮದಲ್ಲೂ ಸ್ವಲ್ಪ ಉಳಿಯುತ್ತದೆ. 24ರಿಂದ 48 ಗಂಟೆ ಬಿಸಿಲು ತಾಗಬಾರದು. ನಮ್ಮ ಕಾಸರಗೋಡಿನ ಏಪ್ರಿಲ್ ಬಿಸಿಲಿಗೆ ಕೊಡೆ ಸಾಕಾಗುವುದಿಲ್ಲ, ಕಿಟಕಿಗೆ ಪರದೆ ಎಳೆದು ಒಳಗೇ ಇರಬೇಕು.