ಕಾಮನ್ ರೂಮಿನಲ್ಲಿ ಸಿಕ್ಕ ಕಾರ್ನಾಡರು

ಗಿರೀಶ ಕಾರ್ನಾಡರು ಅಂದರೆ ನಾಟಕ ಅನ್ನುವವರೇ ಜಾಸ್ತಿ. ನಮ್ಮ ಹಾಸ್ಟೆಲಿನ ಹುಡುಗರಿಗೆ ಮಾತ್ರ ಅವರು ಮೊದಲು ಸಿಕ್ಕಿದ್ದು ಕಾಮನ್ ರೂಮಿನ ಟಿವಿಯಲ್ಲಿ.

ನಾನು ಧಾರವಾಡಕ್ಕೆ, ಕೆಸಿಡಿಗೆ ಅಂದರೆ ಕರ್ನಾಟಕ ಕಾಲೇಜಿಗೆ, ಪಿಯುಸಿ ಓದಲು ಬಂದದ್ದು 1986ರಲ್ಲಿ. ದೂರದರ್ಶನದಲ್ಲಿ ಆರ್.ಕೆ. ನಾರಾಯಣರ ಕಥೆಗಳ ಧಾರಾವಾಹಿ ‘ಮಾಲ್ಗುಡಿ ಡೇಸ್’ ಶುರುವಾದದ್ದೂ ಅದೇ ವರ್ಷ. ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ಬೀದಿಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಸ್ವಾಮಿಯ ಅಪ್ಪ ಕಾರ್ನಾಡರು. ನಮ್ಮ ಹಿಂದಿ ಅಷ್ಟಕ್ಕಷ್ಟೇ. ಆದರೂ ಆ ಅಪ್ಪ ಪೂರಾ ಅರ್ಥವಾಗುತ್ತಿದ್ದರು. ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿ ಪೇಪರಿನಲ್ಲಿ ಬಂದಿರುತ್ತದೆ. ಅದನ್ನು ಮುಂದಿಟ್ಟುಕೊಂಡು, ನಿನಗೂ ಧೈರ್ಯ ಇದ್ದರೆ ಇವತ್ತು ಒಬ್ಬನೇ ಮಲಗು ಎಂದು ಸ್ವಾಮಿಗೆ ಸವಾಲು ಹಾಕುತ್ತಾರೆ. ಕೂಗಾಟವಿಲ್ಲ, ಕೈ ಎತ್ತುವುದಿಲ್ಲ. ಅಷ್ಟಕ್ಕೇ ನಮ್ಮ ಕಾಮನ್ ರೂಮಿನಲ್ಲಿ ಗಪ್‌ಚಿಪ್. ನಮ್ಮೆಲ್ಲರ ಮನೆಯಲ್ಲೂ ಅಂಥ ಒಬ್ಬ ಅಪ್ಪ ಇದ್ದರಲ್ಲ!

ಅವರು ನಮ್ಮ ಕಾಲೇಜಿನವರು ಎಂದು ಹೇಳಿದ್ದು ಗಣಿತದ ಮೇಷ್ಟ್ರು. 1958ರಲ್ಲಿ ಇಲ್ಲೇ ಬಿಎ ಮುಗಿಸಿದವರು, ಅದೂ ಗಣಿತ ಮತ್ತು ಸಂಖ್ಯಾಶಾಸ್ತ್ರ ತೆಗೆದುಕೊಂಡು. ಮುಂದೆ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡಿಗೆ ಹೋದವರು. ಇದನ್ನು ಕೇಳಿದ ಮೇಲೆ ಕಾಲೇಜಿನ ಹಳೆಯ ಕಟ್ಟಡ ನನ್ನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಟ್ಟಡ ಅದು. ಅದೇ ಮೆಟ್ಟಿಲು ಹತ್ತಿ ಅವರೂ ಕ್ಲಾಸಿಗೆ ಓಡಿರಬೇಕು ಎಂದುಕೊಂಡರೆ ಎಷ್ಟು ಹುರುಪು ಬರುತ್ತಿತ್ತು!

ಟಿವಿಯ ಆ ಅಪ್ಪನೇ ನನ್ನನ್ನು ಸುಭಾಷ್ ರಸ್ತೆಗೆ ಕರೆದುಕೊಂಡು ಹೋದದ್ದು. ಅಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಇದೆ. ಗ್ರಂಥಮಾಲೆಯ ಜಿ.ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕೂತು ಸಾಹಿತ್ಯ ಮಾತಾಡಿದ ಜಾಗ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾಗಿ ಹೊರಬಂದದ್ದು ಇಲ್ಲಿಂದ. ಆಗ ಅವರಿಗೆ ಇಪ್ಪತ್ಮೂರು ವರ್ಷವಷ್ಟೇ. ಇಪ್ಪತ್ಮೂರರ ಹುಡುಗನ ನಾಟಕವನ್ನು ನಂಬಿ ಅಚ್ಚು ಹಾಕಿದ ಊರು ಇದು. ಧಾರವಾಡ ಎಂದರೆ ಪೇಡೆ, ಮಳೆ ಎನ್ನುವವರಿಗೆ ನಾನು ಮೊದಲು ಈ ಅಟ್ಟದ ಕಥೆ ಹೇಳುತ್ತೇನೆ. ನಾನು ‘ಯಯಾತಿ’ ಕೊಂಡು ತಂದು ಹಾಸ್ಟೆಲಿನಲ್ಲಿ ಓದಿದೆ. ಪುರು ತನ್ನ ಅಪ್ಪನ ಮುಪ್ಪನ್ನು ಹೊತ್ತುಕೊಳ್ಳುವ ಕಡೆ ಬಂದಾಗ ನನ್ನ ತಲೆಯಲ್ಲಿ ಕೂತಿದ್ದದ್ದು ಸ್ವಾಮಿಯ ಅಪ್ಪನ ಮುಖವೇ.

ಸಿನಿಮಾ, ಟಿವಿಯ ದುಡ್ಡಿನಿಂದ ನಾಟಕ ಬರೆಯಲು ಬಿಡುವು ಸಿಕ್ಕಿತು ಎಂದು ಕಾರ್ನಾಡರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಅದಕ್ಕೇ ಇರಬೇಕು, ಅವರ ಟಿವಿ ಕೆಲಸವನ್ನು ಹಲವರು ಹೊಟ್ಟೆಪಾಡಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವರ ನಾಟಕ ‘ತುಘಲಕ್’ ನೋಡಲು ಥಿಯೇಟರ್ ಇಲ್ಲದ ಊರುಗಳಲ್ಲೂ ಟಿವಿ ಇತ್ತು. ನನ್ನಂಥವನು ನಾಟಕ ಓದುವಂತಾದದ್ದು ಆ ದಾರಿಯಿಂದಲೇ ಅಲ್ವಾ?

‘ಟರ್ನಿಂಗ್ ಪಾಯಿಂಟ್’ ನೆನಪಿದೆಯೇ? ತೊಂಬತ್ತರ ದಶಕದ ಶುರುವಿನಲ್ಲಿ ಬರುತ್ತಿದ್ದ ವಿಜ್ಞಾನದ ಕಾರ್ಯಕ್ರಮ. ನಡೆಸಿಕೊಡುತ್ತಿದ್ದವರು ಕಾರ್ನಾಡರು. ನೋಡುಗರು ಕಳಿಸಿದ ಪ್ರಶ್ನೆಗಳಿಗೆ ವಿಜ್ಞಾನಿ ಪ್ರೊಫೆಸರ್ ಯಶ್ ಪಾಲ್ ಉತ್ತರ ಕೊಡುತ್ತಿದ್ದರು. ಮಕ್ಕಳು ಕೇಳುವಂಥ ಸಣ್ಣ ಪ್ರಶ್ನೆಯನ್ನೂ ಅಲ್ಲಿ ಯಾರೂ ಹಗುರವಾಗಿ ನೋಡುತ್ತಿರಲಿಲ್ಲ. ಬಿಎಸ್ಸಿ ಓದಿದ ನಮಗೆ ಇದು ‘ಮಾಲ್ಗುಡಿ’ಗಿಂತ ಹತ್ತಿರವಾಯಿತು. ನಾಟಕ ಬರೆಯುವವರು ಗಣಿತ ಓದಿರಬಹುದು, ವಿಜ್ಞಾನವನ್ನು ಇಷ್ಟು ಪ್ರೀತಿಯಿಂದ ಮಾತಾಡಬಹುದು ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲಿ. ನಾನು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಪ್ರಶ್ನೆ ಕೇಳಿದ ಮಗುವಿನ ಕಡೆ ಪೂರಾ ತಿರುಗಿ ನಿಂತು ಉತ್ತರಿಸುವುದನ್ನು ಆ ಕಾರ್ಯಕ್ರಮದಿಂದಲೇ ಕಲಿತೆ.

2019ರ ಜೂನ್ 10ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ಚಿತ್ರಗಳಲ್ಲಿ ಜಾಸ್ತಿ ಇದ್ದದ್ದು ಸ್ವಾಮಿಯ ಅಪ್ಪನವೇ.

ಈಗ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಕಾರ್ನಾಡರ ನಾಟಕಗಳನ್ನು ನೀವು ಹೇಗೂ ಆಡುತ್ತೀರಿ. ಒಂದು ಸಂಜೆ ‘ಮಾಲ್ಗುಡಿ’ಯ ಒಂದೆರಡು ಕಂತು, ‘ಟರ್ನಿಂಗ್ ಪಾಯಿಂಟ್’ ಸಿಕ್ಕಿದರೆ ಅದನ್ನೂ ಕಾಲೇಜಿನಲ್ಲಿ ತೋರಿಸಿ. ಕಲಾ ವಿಭಾಗದವರು, ವಿಜ್ಞಾನದವರು ಒಟ್ಟಿಗೆ ಕೂತು ನೋಡಿ. ನಮಗೂ ಒಂದು ಮಾತು ತಿಳಿಸಿ, ಹಳಬರೂ ಬರುತ್ತೇವೆ.