ಒಂದೇ ಬಿರುಕು, ಮೂರು ದರ

ಒಂದೇ ಬಿರುಕಿಗೆ ಮೂರು ದರ ಬಂದಿದ್ದವು. ಗೌಂಡಿ ಹೇಳಿದ್ದು 35 ಸಾವಿರ. ಬಿರುಕು ಕೆತ್ತಿ, ಜಾಳಿಗೆ ಬಡಿದು, ಸಿಮೆಂಟ್ ತುಂಬಿ, ಮೇಲೊಂದು ಕೈ ಬಣ್ಣ. ಎರಡನೆಯವರು ಪಾಯದ ಕೆಳಗೆ ಕೆಮಿಕಲ್ ಒತ್ತುವ ಕಂಪನಿಯವರು. 4 ಲಕ್ಷ 20 ಸಾವಿರ ಅಂದರು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಮೂರನೆಯವರು ಕಂಟ್ರಾಕ್ಟರು. ಹಿಂದಿನ ಮೂಲೆ ಕೂತಿದೆ, ಅದರ ಪಾಯದ ಕೆಳಗೆ ಅಗೆದು ಹೊಸ ಕಾಂಕ್ರೀಟ್ ಕೊಡಬೇಕು, ಏಳೂವರೆ ಲಕ್ಷ ಅಂದರು. ಮೂವರೂ ನೋಡಿದ್ದು ಅದೇ ಗೋಡೆ. ಒಬ್ಬೊಬ್ಬರೂ ನಮ್ಮ ಮನೆಯಲ್ಲಿ ಇದ್ದದ್ದು ಹತ್ತು ನಿಮಿಷ ಇರಬಹುದು, ಚಹಾ ಕುಡಿದ ಹೊತ್ತೂ ಸೇರಿ.

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಗದಗ ರಸ್ತೆಯ ಕಡೆ. ಅಪ್ಪ ಕಟ್ಟಿಸಿದ್ದು, ಬರೀ ಕೆಳಗಿನ ಅಂತಸ್ತು. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ. ಕೆಳಗೆ ಎರೆ ಮಣ್ಣು. ಈ ಮಣ್ಣು ಹತ್ತಿಗೆ, ಹಿಂಗಾರಿ ಜೋಳಕ್ಕೆ, ಕಡಲೆಗೆ ಎಷ್ಟು ಒಳ್ಳೆಯದೋ ಮನೆಗೆ ಅಷ್ಟೇ ಕೆಟ್ಟದ್ದು. ಅದರೊಳಗಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ನವಲಗುಂದದ ಹೊಲಗಳಿಗೆ ಹೋಗಿ ನೋಡಿ, ಕೈ ಇಳಿಯುವಷ್ಟು ಅಗಲ ಬಾಯಿ ಬಿಟ್ಟಿರುತ್ತದೆ. ಮಳೆ ಬಿದ್ದು ಸ್ವಲ್ಪ ದಿನಕ್ಕೆ ಅದೇ ಜಾಗ ಸಪಾಟು. ಮೇಲೆ ಜೋಳ ಇದ್ದರೆ ಯಾರಿಗೂ ತೊಂದರೆಯಿಲ್ಲ. ಗೋಡೆ ಇದ್ದರೆ ತೊಂದರೆ.

ಬಿರುಕು ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಛತ್ತಿನವರೆಗೆ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಪಕ್ಕದ ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿತ್ತು. ಅಪ್ಪ ಬಡಿಗೇರರನ್ನು ಕರೆಸಿ ಅದಕ್ಕೆ ರಂದ ಹೊಡೆಸಿದ್ದರು. ಅವ್ವನಿಗೆ ಮಾತ್ರ ಆ ಕೋಣೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರಲ್ಲ, ಅದಾದ ಮೇಲೆ ನಮ್ಮ ಕಡೆ ಗೋಡೆಯಲ್ಲಿ ಒಂದು ಗೆರೆ ಕಂಡರೂ ಜನ ಬೆಚ್ಚುತ್ತಾರೆ. ಆ ದುರಂತಕ್ಕೂ ನಮ್ಮ ಬಿರುಕಿಗೂ ಸಂಬಂಧವಿಲ್ಲ ಅಂತ ಎಷ್ಟು ಹೇಳಿದರೂ ಅಷ್ಟೇ. ಹೆದರಿದವರ ಮನೆಯಲ್ಲಿ ಏಳೂವರೆ ಲಕ್ಷವೂ ನ್ಯಾಯದ ದರವಾಗಿ ಕಾಣಲು ಶುರುವಾಗುತ್ತದೆ.

ನನ್ನ ಗೆಳೆಯನೊಬ್ಬ ಒಂದು ಮಾತು ಹೇಳಿದ: ರಿಪೇರಿ ಮಾಡುವವರಿಂದ ತಪಾಸಣೆ ಮಾಡಿಸಬೇಡ, ನೋಡಿ ಹೇಳುವುದಕ್ಕಷ್ಟೇ ಫೀ ತಗೊಳ್ಳುವವರನ್ನು ಕರೆಸು. ಹಾಗೆ ಸಿಕ್ಕವರು ಒಬ್ಬ ನಿವೃತ್ತ ಸಿವಿಲ್ ಮೇಷ್ಟ್ರು. ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡದ ಗಟ್ಟಿತನ ನೋಡುವವರು. ಬಂದು ನೋಡಿ ಬರಹದಲ್ಲಿ ವರದಿ ಕೊಡಲು ಆರು ಸಾವಿರ. ಗುಂಡಿ ತೋಡುವ ಆಳುಗಳ ಕೂಲಿ, ಮಣ್ಣು ಪರೀಕ್ಷೆ ಬೇರೆ.

"ಬರೇ ನೋಡಾಕ ಆರು ಸಾವಿರ ಏನಪಾ?" ಅಂದರು ಅಪ್ಪ. 35 ಸಾವಿರದ ಗೌಂಡಿ ಪುಕ್ಕಟೆ ನೋಡಿ ಹೋಗಿದ್ದ, ಅಲ್ವಾ.

ಮೇಷ್ಟ್ರು ಬಂದದ್ದು ಬೇಸಿಗೆಯ ಕೊನೆಗೆ, ಬೆಳಿಗ್ಗೆ ಎಂಟಕ್ಕೆ. ಬಿರುಕು ತೋರಿಸಲು ಅಪ್ಪ ಒಳಗೆ ಕರೆದರು. ಅವರು ಒಳಗೆ ಬರಲೇ ಇಲ್ಲ. "ಅದು ಎಲ್ಲಿ ಓಡಿ ಹೋಗ್ತದ್ರೀ, ಇರ್ಲಿ" ಅಂದು ಮನೆಯನ್ನು ಹೊರಗಿನಿಂದ ಸುತ್ತಿದರು. ಮಾಳಿಗೆಯ ಮಳೆನೀರಿನ ಪೈಪು ಎಲ್ಲಿ ಬೀಳುತ್ತದೆ? ಗೋಡೆ ಬುಡದಲ್ಲೇ. ಬಚ್ಚಲ ನೀರು ಎಲ್ಲಿ ಹೋಗುತ್ತದೆ? ಚೇಂಬರಿಗೆ. ಚೇಂಬರಿನ ಮುಚ್ಚಳ ತೆಗೆದು ಎಷ್ಟು ದಿನವಾಯಿತು? ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಚೀಲದಿಂದ ಒಂದು ಉದ್ದನೆಯ ತೆಳು ಟ್ಯೂಬ್ ತೆಗೆದರು. ಗೌಂಡಿಗಳು ಮಟ್ಟ ನೋಡಲು ನೀರು ತುಂಬಿಸಿ ಹಿಡಿಯುತ್ತಾರಲ್ಲ, ಅದೇ. ಒಂದು ತುದಿ ನನ್ನ ಕೈಗೆ ಕೊಟ್ಟರು. ಪಾಯದ ಮೇಲಿನ ಕಲ್ಲಿನ ಸಾಲು ಕಟ್ಟುವಾಗ ಮಟ್ಟದಲ್ಲೇ ಇರುತ್ತದೆ, ಹಾಗಾಗಿ ಈಗ ಎಲ್ಲಿ ಎಷ್ಟು ಏರುಪೇರು ಇದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದಂತೆ. ಒಂದೊಂದು ಜಾಗಕ್ಕೆ ಹೋಗಿ, ಟ್ಯೂಬಿನ ನೀರು ಅಲುಗಾಡುವುದು ನಿಲ್ಲುವ ತನಕ ಕಾದು, ಸ್ಕೇಲು ಹಿಡಿದು ಪುಸ್ತಕದಲ್ಲಿ ಬರೆದುಕೊಂಡರು. ನಾಲ್ಕೂ ಮೂಲೆಗಳು ಮೂರು ನಾಲ್ಕು ಮಿಲಿಮೀಟರ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದವು. ಹಿಂದಿನ ಗೋಡೆಯ ನಡುಭಾಗ, ಬಚ್ಚಲ ಹತ್ತಿರ, 21 ಮಿಲಿಮೀಟರ್ ಮೇಲಿತ್ತು.

"ನಿಮ್ಮ ಮೂಲಿ ಕುಂತಿಲ್ರೀ," ಅಂದರು. "ಬಚ್ಚಲ ಎದ್ದೈತಿ."

ಅಪ್ಪ ನಕ್ಕುಬಿಟ್ಟರು. ಮನೆ ಕುಸಿಯುವುದು ಕೇಳಿದ್ದೇವೆ, ಏಳುವುದು ಯಾರು ಕೇಳಿದ್ದಾರೆ? ಆಗ ಮೇಷ್ಟ್ರು ಒಳಗೆ ಬಂದು ಬಿರುಕು ನೋಡಿದರು. ಮೇಲೆ ಅಗಲ, ಕೆಳಗೆ ಕೂದಲೆಳೆಯಷ್ಟು. ರೊಟ್ಟಿಯನ್ನು ನಡುವೆ ಕೆಳಗಿನಿಂದ ಬೆರಳು ಕೊಟ್ಟು ಎತ್ತಿದರೆ ಮೇಲ್ಭಾಗ ಬಿರಿಯುತ್ತದಲ್ಲ, ಹಾಗೆ ಅಂದರು. ಬಿರುಕಿನ ಒಳಗೆ ಟಾರ್ಚ್ ಬಿಟ್ಟು ತೋರಿಸಿದರು. ಕೆಳಭಾಗದಲ್ಲಿ ಹಳೆಯ ಸುಣ್ಣ, ಧೂಳು, ಜೇಡನ ಬಲೆ. ಮೇಲ್ಭಾಗದಲ್ಲಿ ಇಟ್ಟಿಗೆ ಕೆಂಪಗೆ, ನಿನ್ನೆ ಮುರಿದ ಹಾಗೆ. ಅಂದರೆ ಇನ್ನೂ ಬೆಳೆಯುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಇಬ್ಬರು ಆಳುಗಳು ಪಾಯಕ್ಕೆ ತಾಗಿ ಎರಡು ಕಡೆ ಗುಂಡಿ ತೋಡಿದರು. ಮೂಲೆಯ ಗುಂಡಿಯ ಮಣ್ಣು ಒಣಗಿ ಹೆಂಟೆ ಹೆಂಟೆಯಾಗಿ ಬಂತು. ಬಚ್ಚಲ ಪಕ್ಕದ್ದು ಗುದ್ದಲಿಗೇ ಅಂಟಿಕೊಂಡಿತು. ಕೆರೆದು ತೆಗೆಯಬೇಕಾಯಿತು. ಬೇಸಿಗೆ ಕೊನೆಯಲ್ಲಿ, ಸುತ್ತ ಎಲ್ಲೂ ಹನಿ ನೀರಿಲ್ಲದಾಗ! ಮೂರು ಅಡಿ ಕೆಳಗೆ ಹಳೆಯ ಚೀನಿಮಣ್ಣಿನ ಪೈಪು ಕಂಡಿತು. ಜಾಯಿಂಟ್ ಬಿಟ್ಟು ಹೆಬ್ಬೆರಳು ತೂರುವಷ್ಟು ಸಂದಾಗಿತ್ತು. ಅವ್ವನಿಗೆ ಒಳಗೆ ಒಂದು ಬಕೆಟ್ ಸುರಿಯಲು ಹೇಳಿದರು. ನೀರು ಚೇಂಬರಿಗೆ ಹೋಗುವ ಮೊದಲು ಅಲ್ಲಿಂದ ಬುಳಬುಳ ಅಂತ ಗುಂಡಿಗೆ ಇಳಿಯಿತು. ನಮ್ಮ ಸ್ನಾನದ ನೀರು ಎಷ್ಟು ವರ್ಷದಿಂದ ಪಾಯಕ್ಕೆ ಹೋಗುತ್ತಿತ್ತೋ.

ಪಾಯ ನಾಲ್ಕು ಅಡಿಗೆ ಮುಗಿದಿತ್ತು, ಅದೂ ಎರೆಯಲ್ಲೇ. ಗಟ್ಟಿ ಗರಸು ಇನ್ನೂ ಕೆಳಗಿದೆ ಅಂದರು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಅಂಡರ್‌ರೀಮ್ಡ್ ಪೈಲ್ ಅನ್ನುವ ಪದ್ಧತಿ ಬೆಳೆಸಿದರು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ಬುಡದಲ್ಲಿ ದಪ್ಪ ಮಾಡಿ ಕಾಂಕ್ರೀಟ್ ತುಂಬುವುದು. ಅಷ್ಟು ಆಳದ ಮಣ್ಣು ಮಳೆಗೂ ಬಿಸಿಲಿಗೂ ಹೆಚ್ಚು ಅಲುಗುವುದಿಲ್ಲ. ಮನೆ ಕಟ್ಟುವಾಗ ಮಾಡಿದ್ದರೆ ಚೆನ್ನಾಗಿತ್ತು. ಈಗ ಮನೆ ಮೇಲೆ ನಿಂತಿರುವಾಗ ಪಾಯ ಬಲಪಡಿಸಬೇಕೆಂದರೆ ಖರ್ಚು ಯಾಕೆ ಲಕ್ಷಗಟ್ಟಲೆ ಹೋಗುತ್ತದೆ ಅನ್ನುವುದನ್ನೂ ಅವರೇ ಬಿಡಿಸಿ ಹೇಳಿದರು. ಗೋಡೆಯ ಕೆಳಗೆ ಒಂದೇ ಸಲ ಅಗೆಯುವಂತಿಲ್ಲ. ಮೀಟರು, ಒಂದೂವರೆ ಮೀಟರಿನ ತುಂಡುಗಳಾಗಿ, ಒಂದು ಬಿಟ್ಟು ಒಂದು ಅಗೆಯಬೇಕು, ಅದೂ ಕೈಯಲ್ಲಿ. ಆಸರೆ ಕೊಟ್ಟು, ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಪಕ್ಕದ್ದು. ಸಿಮೆಂಟಿಗಿಂತ ಕೂಲಿ, ಕೂಲಿಗಿಂತ ಕಾಯುವಿಕೆ ಜಾಸ್ತಿ. ಕಂಟ್ರಾಕ್ಟರ್ ಹೇಳಿದ ಏಳೂವರೆ ಲಕ್ಷ ಆ ಕೆಲಸಕ್ಕೆ ಮೋಸದ ದರವೇನಲ್ಲ. ನಮ್ಮ ಮನೆಗೆ ಆ ಕೆಲಸ ಬೇಕಿರಲಿಲ್ಲ, ಅಷ್ಟೇ. ಕೂರದ ಮೂಲೆಯನ್ನು ಎತ್ತಿ ಹಿಡಿಯಲು ದುಡ್ಡು ಕೊಟ್ಟು, ಈಚೆ ಪೈಪಿನ ನೀರು ಹಾಗೇ ಹರಿಯುತ್ತಿರುತ್ತಿತ್ತು.

ಮಣ್ಣು ಪರೀಕ್ಷೆ ನೋಡಲು ನಾನೂ ಹೋಗಿದ್ದೆ. ಒಣಗಿಸಿ ಜರಡಿ ಹಿಡಿದ ಮಣ್ಣು, ಹತ್ತು ಹತ್ತು ಗ್ರಾಂ, ಎರಡು ಅಳತೆ ಗಾಜಿನಲ್ಲಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಚಿಮಣಿ ಎಣ್ಣೆ. ಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಮರುದಿನ ಎಣ್ಣೆಯದು 10 ಮಿಲಿಲೀಟರಿನ ಗೆರೆಯಲ್ಲಿ, ನೀರಿನದು 18ರ ಹತ್ತಿರ. ಅಂದರೆ 80 ಪರ್ಸೆಂಟ್ ಉಬ್ಬು. 50 ದಾಟಿದರೇ ಹುಷಾರಾಗಿರಬೇಕು ಅಂದರು. ಇಷ್ಟು ಸಾದಾ ಪರೀಕ್ಷೆ ಮನೆ ಕಟ್ಟುವ ಮೊದಲು ಯಾಕೆ ಯಾರೂ ಮಾಡಿಸುವುದಿಲ್ಲವೋ. ವಾಸ್ತು ನೋಡಿಸಲು ಮಾತ್ರ ಎಲ್ಲರ ಹತ್ತಿರವೂ ದುಡ್ಡಿರುತ್ತದೆ.

ಫೀ, ಆಳುಗಳ ಕೂಲಿ, ಮಣ್ಣು ಪರೀಕ್ಷೆ ಎಲ್ಲ ಸೇರಿ ಸುಮಾರು 13 ಸಾವಿರ ಆಯಿತು. ವರದಿಯಲ್ಲಿ ಮಾಡಬೇಕಾದ ಕೆಲಸಕ್ಕಿಂತ ಈಗ ಮಾಡಬಾರದ ಕೆಲಸವೇ ಹೆಚ್ಚಿತ್ತು. ಬಿರುಕು ಈಗಲೇ ತುಂಬಬೇಡಿ. ಪಾಯ ಮುಟ್ಟಬೇಡಿ. ಮೊದಲು ಪೈಪು ಬದಲಾಯಿಸಿ. ಮಾಳಿಗೆ ನೀರನ್ನು ಗೋಡೆಯಿಂದ ದೂರ ಒಯ್ದು ಬಿಡಿ. ಮನೆಯ ಸುತ್ತ ನಾಲ್ಕು ಅಡಿ ಅಗಲ ಎರೆ ತೆಗೆದು, ಗರಸು ತುಂಬಿ, ಹೊರಗೆ ಇಳಿಜಾರಿರುವ ಕಾಂಕ್ರೀಟ್ ಹಾಕಿ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು, ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗಾಜು ಒಡೆಯುತ್ತಲೇ ಇದ್ದರೆ ಆಗ ಪೈಲಿನ ಮಾತು.

ಪೈಪಿಗೂ ಚೇಂಬರಿಗೂ 28 ಸಾವಿರ, ಸುತ್ತಲಿನ ಕಾಂಕ್ರೀಟಿಗೆ 46 ಸಾವಿರ, ಮಳೆನೀರಿನ ಪೈಪಿಗೆ ಆರೂವರೆ. ಆಮೇಲೆ ಬಿರುಕಿಗೆ ಅಡ್ಡಲಾಗಿ ಸರಳು ಕೂರಿಸಿ ಹೊಲಿದು, ಗಿಲಾವು ಮಾಡಿ, ಬಣ್ಣ ಹೊಡೆಸಲು 38 ಸಾವಿರ. ತಪಾಸಣೆಯೂ ಸೇರಿ ಒಂದು ಲಕ್ಷ ಮೂವತ್ತು ಸಾವಿರದ ಆಜುಬಾಜು. ಇದು ಒಂದು ಅಂತಸ್ತಿನ ನಮ್ಮ ಮನೆಯ ಲೆಕ್ಕ. ಪಕ್ಕದ ಓಣಿಯಲ್ಲೇ ಮಣ್ಣು ಬೇರೆ ಇದ್ದರೆ ಲೆಕ್ಕವೂ ಬೇರೆ.

ವಿಮೆ ಇತ್ತಲ್ಲ ಅಂತ ಅಪ್ಪ ಕಾಗದ ಹುಡುಕಿದರು. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ. ಭೂಮಿ ಕುಸಿತ ಅದರಲ್ಲಿದೆ. ಆದರೆ ವಿನ್ಯಾಸದ ದೋಷ, ಕಳಪೆ ಕೆಲಸ, ಹೊಸ ಕಟ್ಟಡ ಕೂರುವಾಗಿನ ಬಿರುಕು ಇದಕ್ಕೆಲ್ಲ ದುಡ್ಡಿಲ್ಲ. ನಮ್ಮದು ಕುಸಿತವೂ ಅಲ್ಲ, ಏರಿದ್ದು! ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ.

ಮಳೆಗಾಲದ ಶುರುವಿನಲ್ಲಿ ಒಂದು ಗಾಜು ಒಡೆಯಿತು. ಅವ್ವ ಗಾಬರಿಯಾಗಿ ಫೋನ್ ಮಾಡಿಸಿದರು. ಮೇಷ್ಟ್ರು ಬಿರುಕು ಅಳೆದು ಹೇಳಲು ಹೇಳಿದರು. ಅಳೆದರೆ ಅದು ಸಣ್ಣದಾಗಿತ್ತು. ಪೈಪಿನ ನೀರು ನಿಂತದ್ದರಿಂದ ಕೆಳಗಿನ ಮಣ್ಣು ಒಣಗುತ್ತಾ ಗೋಡೆ ಇಳಿಯುತ್ತಿತ್ತು. ಮತ್ತೆ ಹಾಕಿದ ಗಾಜು ಮುಂದಿನ ಬೇಸಿಗೆ ದಾಟಿತು. ಬಿರುಕು ಹೊಲಿಸಿದ್ದು ಆಮೇಲೆ.

ಈಗ ಉಳಿದಿರುವುದು ಬಾಗಿಲು. ಗೋಡೆ ಎದ್ದಾಗ ರಂದ ಹೊಡೆದದ್ದು, ಗೋಡೆ ಇಳಿದ ಮೇಲೆ ಮೇಲ್ಗಡೆ ಬೆರಳಗಲ ಸಂದು ಬಿಟ್ಟಿದೆ. ಬಡಿಗೇರರು ಪಟ್ಟಿ ಬಡಿಯೋಣ ಅನ್ನುತ್ತಾರೆ, ಅವ್ವ ಹೊಸ ಬಾಗಿಲೇ ಬೇಕು ಅನ್ನುತ್ತಾರೆ. ಅಪ್ಪ ಇಬ್ಬರಿಗೂ ಉತ್ತರ ಕೊಟ್ಟಿಲ್ಲ. "ಮೊದಲ ಮಾಸ್ತರ್ನ ಕೇಳು," ಅಂತ ನನಗೆ ಹೇಳಿದ್ದಾರೆ, ಆರು ಸಾವಿರದ್ದೇ ಮಾಸ್ತರನ್ನು.