ಹೆಬ್ಬೆರಳು ಎತ್ತಿ ನೋಡೋಣ

ಜುಲೈ ತಿಂಗಳ ಮಳೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಪಾಚಿ ಕಟ್ಟಿತ್ತು. ಕೊಟ್ಟಿಗೆಗೆ ಹೋಗುವಾಗ ಕಾಲು ಜಾರಿತು, ಬಲಗೈ ಮೈಯಡಿ ಸಿಕ್ಕಿಕೊಂಡಿತು. ಭುಜಕ್ಕೂ ಮೊಣಕೈಗೂ ನಡುವೆ ಲಟಕ್ ಅಂದದ್ದು ನನಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಪಟ್ಟಿ ಹಾಕಿ, ಕೈಯನ್ನು ಕುತ್ತಿಗೆಗೆ ನೇತುಹಾಕಿ ಕಳಿಸಿದರು. ಬೆರಳು ಆಡುತ್ತದೋ ಇಲ್ಲವೋ ಅಂತ ಅವರೂ ಕೇಳಲಿಲ್ಲ, ಆ ನೋವಿನಲ್ಲಿ ನಾನೂ ನೋಡಲಿಲ್ಲ.

ರಾತ್ರಿ ಅಮ್ಮ ಕೇಳಿದಳು: "ಕೈ ಯಾಕೋ ಬಾಡಿದ ಬಾಳೆಎಲೆ ಹಾಗೆ ಜೋತು ಬಿದ್ದಿದೆ?"

ಎತ್ತಲು ಹೋದೆ. ಮಣಿಕಟ್ಟು ಏಳಲೇ ಇಲ್ಲ. ಬೆರಳು ಮಡಚಲು ಬರುತ್ತಿತ್ತು, ಬಿಡಿಸಲು ಆಗುತ್ತಿರಲಿಲ್ಲ. ಹೆಬ್ಬೆರಳಿನ ಬುಡದ ಹಿಂಭಾಗ ಚಿವುಟಿದರೆ ಬೇರೆ ಯಾರದೋ ಚರ್ಮ ಚಿವುಟಿದ ಹಾಗಿತ್ತು.

ಮಾರನೇ ದಿನ ಶಿವಮೊಗ್ಗದ ಡಾಕ್ಟರು ಮೊದಲು ಕೇಳಿದ್ದೇ ಇದು: "ಬಿದ್ದಾಗಲೇ ಹೀಗಾಯ್ತೋ, ಪಟ್ಟಿ ಹಾಕಿದ ಮೇಲೋ?" ನನ್ನಲ್ಲಿ ಉತ್ತರ ಇರಲಿಲ್ಲ. ಎಕ್ಸ್‌ರೇಯಲ್ಲಿ ನರ ಕಾಣೋದಿಲ್ಲ ಅಲ್ವಾ.

ಮಣಿಕಟ್ಟು, ಬೆರಳು, ಹೆಬ್ಬೆರಳು ಎತ್ತಿಸುವ ರೇಡಿಯಲ್ ನರ ತೋಳಿನ ಮೂಳೆಯ ಹಿಂದಿನಿಂದ ಸುತ್ತಿಕೊಂಡು ಇಳಿಯುತ್ತದಂತೆ. ನನಗೆ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೆನಪಾಯಿತು. ಮರ ಮುರಿದರೆ ಬಳ್ಳಿ ಎಳೆದಾಡದೆ ಇರುತ್ತದೆಯೇ? ತೋಳಿನ ಮೂಳೆ ನಡುವೆ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ಕಾಯಬೇಕು ಅಂದರು. ಒಳಗೆ ಎಳೆ ಕಡಿದಿದ್ದರೆ ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್!

ಮಣಿಕಟ್ಟು ಜೋತು ಬೀಳದಂತೆ ಒಂದು ಸ್ಪ್ಲಿಂಟ್ ಕೊಟ್ಟರು. ಬೆರಳಿನ ಗಂಟುಗಳು ಬಿಗಿಯದಿರಲಿ ಅಂತ ಎಡಗೈಯಿಂದ ಬಲಗೈ ಬೆರಳುಗಳನ್ನು ದಿನಾ ಬಿಡಿಸಿ ಮಡಚುತ್ತಿದ್ದೆ. ನಾಟಿ ಕಟ್ಟು ಹಾಕಿಸು, ಎಣ್ಣೆ ತಿಕ್ಕು ಅಂತ ಬಂದವರೆಲ್ಲ ಹೇಳಿದರು. ಸುಮ್ನೆ ತಲೆಯಾಡಿಸಿದೆ. ಇದಕ್ಕಿಂತ ಜಾಸ್ತಿ ಕಷ್ಟವಾದದ್ದು ಮದುವೆಮನೆ ಪಂಕ್ತಿಯಲ್ಲಿ ಎಡಗೈಯಲ್ಲಿ ಚಮಚ ಹಿಡಿದು ಕೂರುವುದು.

ಮೂಳೆ ಕೂಡಿತು. ಕೈ ಮಾತ್ರ ಹಾಗೇ ಇತ್ತು. ನವೆಂಬರ್‌ನಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಯಿತು. ಅಡಿಕೆ ಸುಲಿಯುವವರ ಪಕ್ಕ ಬಲಗೈ ತೊಡೆ ಮೇಲಿಟ್ಟು ಲೆಕ್ಕ ಬರೆಸುತ್ತಾ ಕೂತಿದ್ದೆ. ಮಣಿಕಟ್ಟು ಒಂದಿಷ್ಟು ಮೇಲೆದ್ದಿತು. ಭ್ರಮೆಯೇನೋ ಅಂತ ಇನ್ನೊಮ್ಮೆ ಎತ್ತಿದೆ. ಎದ್ದಿತು! ಬೆರಳುಗಳು ಆಮೇಲೆ ಬಂದವು, ಹೆಬ್ಬೆರಳು ಎಲ್ಲಕ್ಕಿಂತ ತಡವಾಗಿ.

ಹೋದ ತಿಂಗಳು ಅಕ್ಕನ ಮಗ ಬೈಕಿನಿಂದ ಬಿದ್ದು ತೋಳು ಮುರಿದುಕೊಂಡ. ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದ, ಇನ್ನೂ ಪಟ್ಟಿ ಹಾಕಿರಲಿಲ್ಲ.

"ಹೆಬ್ಬೆರಳು ಎತ್ತೋ ನೋಡೋಣ," ಅಂದೆ.

"ಮಾಮ, ಮುರಿದಿರೋದು ತೋಳು!"

"ಗೊತ್ತು ಮಾರಾಯ, ಎತ್ತು."